ಗೋಡೆಗೆ ಮುಖ ಮಾಡಿದ ಕುರ್ಚಿಗಳು

ಸರಕಾರಿ ಕಾಗದದಲ್ಲಿ ನಾನು ಸಂಪನ್ಮೂಲ ವ್ಯಕ್ತಿ. ಸಂಪತ್ತು ಇನ್ನೂ ಬಂದಿಲ್ಲ. ಔರಾದ ತಾಲೂಕಿನ ರಸ್ತೆಗಳ ಮೇಲೆ ಇಷ್ಟು ವರ್ಷ ಬೈಕ್ ಓಡಿಸಿದ ಪುಣ್ಯಕ್ಕೆ ಮೂಲ ಮಾತ್ರ ಬರುವ ಲಕ್ಷಣ ಕಾಣುತ್ತಿದೆ. ಹೆಸರು ಸುಶೀಲಕುಮಾರ, ಊರು ಭಾಲ್ಕಿ. ಚಿಂತಾಕಿ ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ ಹೇಗೆ ನಡೆದಿದೆ ನೋಡುವುದು, ಪಾಲಕರ ಸಭೆಗಳಲ್ಲಿ ಕೂಡುವುದು, ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಮುಟ್ಟಿಸುವುದು ನನ್ನ ಕೆಲಸ. ಕೆಳಗಿನವರು ಹೇಳಿದ್ದನ್ನು ಮೇಲಿನವರಿಗೆ ಮುಟ್ಟಿಸಬೇಕು ಎಂದೂ ನೇಮಕದ ಆದೇಶದಲ್ಲಿ ಇದೆ. ಅದನ್ನು ಮಾಡಲು ಹೋಗಿಯೇ ಇಷ್ಟೆಲ್ಲ ಆದದ್ದು.

ಶುರುವಾದದ್ದು ಬೀದರಿನ ಒಂದು ತರಬೇತಿಯಿಂದ. ವಿಷಯ, ಎಲ್ಲರನ್ನೂ ಒಳಗೊಳ್ಳುವ ಬೋಧನೆ ಮತ್ತು ನಾಯಕತ್ವ. ಕರೆಸಿದ ಮಂದಿ ಹೆಚ್ಚು, ಹಾಲ್ ಸಣ್ಣದು. ಹೀಗಾಗಿ ಒಳಗೊಳ್ಳುವಿಕೆಯ ಬಗ್ಗೆ ಹೇಳಿದ್ದನ್ನು ನಮ್ಮಲ್ಲಿ ಅರ್ಧ ಜನ ಹೊರಗೆ ಚಪ್ಪಲಿಗಳ ನಡುವೆ ನಿಂತು ಕೇಳಿದೆವು. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರ ಮಾತಿನ ಸಾರ ಇಷ್ಟು: ಸಾಲಾಗಿ ಕೂಡಿಸಿದರೆ ಕೆಲವರು ಮುಂದಿನವರು, ಕೆಲವರು ಹಿಂದಿನವರು ಆಗುತ್ತಾರೆ, ವರ್ತುಲದಲ್ಲಿ ಕೂಡಿಸಿದರೆ ಎಲ್ಲರೂ ಸಮಾನರು. ‘ವರ್ತುಲ’ ಅನ್ನುವಾಗೆಲ್ಲ ಅವರು ಹೋಳಿಗೆ ತಟ್ಟುವವರ ಹಾಗೆ ಅಂಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಮಾತ್ರ ಸಾಲೇ ಇತ್ತು. ಆ ಸಾಲಿನಲ್ಲಿ ನಿಂತು ಅವರ ದನಿ, ಅಂಗೈ ಎರಡನ್ನೂ ನಾನು ಮಾಡಿ ತೋರಿಸಿದಾಗ ಹಿಂದಿನವರೂ ಮುಂದಿನವರೂ ಸಮಾನವಾಗಿ ನಕ್ಕರು. ನಗದೆ ನಿಂತವರು ಆಮ್ರಪಾಲಿ ಮೇಡಂ ಒಬ್ಬರೇ.

ಆಮ್ರಪಾಲಿ ಮೇಡಂ ಔರಾದಿನ ಕಚೇರಿಯಲ್ಲಿ ನನ್ನ ಮೇಲಿನವರು. ಬೀದರ ನಗರದವರು, ಪುಣೆಯಲ್ಲಿ ಓದಿ ಬಂದವರು. ಅವರ ಅಜ್ಜಿ ಕೇಶರಬಾಯಿಯನ್ನು ಊರಿನ ಶಾಲೆಯಲ್ಲಿ ಒಳಗೆ ಕೂಡಿಸುತ್ತಿರಲಿಲ್ಲ. ಆ ಅಜ್ಜಿ ಕಿಟಕಿಯ ಹೊರಗೆ ನಿಂತು, ಸರಳುಗಳ ನಡುವಿನಿಂದ ಕರಿಹಲಗೆ ನೋಡಿ ಅಕ್ಷರ ಕಲಿತಳಂತೆ. ನಮ್ಮ ಮನೆಯಲ್ಲೂ ಅಂಥ ಅಜ್ಜನೊಬ್ಬನಿದ್ದ. ಆದ್ದರಿಂದ ಮೇಡಂ ತಟ್ಟೆ ಹಿಡಿದುಕೊಂಡು, “ಸುಶೀಲ ಸರ್, ನಿಮಗ ನಗು ಬರ್ತದ. ವರ್ತುಲದಾಗ ಹಿಂದ ಅಂಬೋ ಜಾಗಾನೇ ಇಲ್ಲ, ಅದು ಗೊತ್ತದ ಇಲ್ಲ ನಿಮಗ?” ಎಂದಾಗ ನಾನು ಅಂಗೈ ಕೆಳಗಿಳಿಸಿ ಅನ್ನ ಹಾಕಿಸಿಕೊಂಡೆ.

ಚಿಂತಾಕಿಗೆ ನಾನು ಯಾವಾಗಲೂ ಚಿಂತೆ ಹಾಕಿಕೊಂಡೇ ಹೋಗುವುದು. ಅಲ್ಲಿಂದ ಕಚ್ಚಾ ರಸ್ತೆಯಲ್ಲಿ ಒಳಗಿರುವ ವಾಡಿಗೆ ಹೋಗುವಾಗ ಮಾತ್ರ ಖುಷಿ. ವಾಡಿಯೆಂದರೆ ಕುರಿ ಸಾಕುವ ಕೆಲವು ಮನೆಗಳು, ಸುತ್ತ ತೊಗರಿ-ಜೋಳದ ಒಣ ಹೊಲಗಳು, ಏಳನೆಯ ತರಗತಿಯವರೆಗೆ ಒಂದು ಶಾಲೆ. ಮುಂದೆ ಓದಬೇಕೆಂದರೆ ಹಳ್ಳ ದಾಟಿ ಚಿಂತಾಕಿಗೆ ಹೋಗಬೇಕು. ಬಸ್ಸಿಲ್ಲ. ಹುಡುಗರು ಯಾರದೋ ಬೈಕಿನ ಹಿಂದೆ ಜೋತುಬಿದ್ದು ಹೋಗುತ್ತಾರೆ. ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ. ಸುಗ್ಗಿ ಮುಗಿದ ಮೇಲೆ ಗಂಡಸರು ಕುರಿ ಹೊಡೆದುಕೊಂಡು ಮಂಜರಾ ನದಿಯ ದಂಡೆಗೆ ಹೊರಡುವಾಗ, ಏಳು ಮುಗಿಸಿದ ಹುಡುಗಿಯರೂ ಮರಿಗಳನ್ನು ನೋಡಿಕೊಳ್ಳಲು ಜೊತೆಗೆ ಹೊರಡುತ್ತಾರೆ. ಹಾಗೆ ಹೋದವರು ಶಾಲೆಗೆ ಮರಳಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಅಂಬಿಕಾ ಏಳನೆಯಲ್ಲಿದ್ದಳು. ಅವಳ ತಾಯಿ ಮಲ್ಲೇಶ್ವರಿ ಶಾಲಾ ಸಮಿತಿಯ ಅಧ್ಯಕ್ಷೆ. ವಾಡಿಯಲ್ಲೇ ಎಂಟನೆಯ ತರಗತಿ ಶುರುವಾಗಬೇಕು ಎಂದು ಆಕೆ ನನ್ನ ಬೆನ್ನು ಹತ್ತಿದ್ದಳು. ನಾನು ಕಚೇರಿಯ ಬೆನ್ನು ಹತ್ತಿದ್ದೆ. ಕಚೇರಿ ಕೊನೆಗೂ ಹೊರಳಿ ನೋಡಿ ಹೇಳಿದ್ದು ಇದು: ಕೊಡುವುದಕ್ಕೆ ಒಂದೇ ತರಗತಿ ಇದೆ, ಹಳ್ಳದಾಚೆಯ ಊರೂ ಅದನ್ನೇ ಕೇಳುತ್ತಿದೆ. ವಾಡಿಯ ಪಾಲಕರು ಸಭೆ ಕೂಡಿ ಒಮ್ಮತದಿಂದ ಬೇಕು ಅನ್ನಬೇಕು, ಬೀದರಿನ ಸಾಹೇಬರು ಬಂದು ಅದನ್ನು ತಮ್ಮ ಕಿವಿಯಿಂದ ಕೇಳಬೇಕು. ಬೇಕು ಅಂದರೆ ಅಂಬಿಕಾಗೆ ಎಂಟನೆಯ ತರಗತಿ, ಇಲ್ಲವಾದರೆ ಮಂಜರಾ ದಂಡೆ.

ಬೇಕು ಅನ್ನುವುದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ. ಮಲ್ಲೇಶ್ವರಿಯ ಬಾಯಿ ನನಗೆ ಗೊತ್ತಿತ್ತು.

ವಾಡಿಯ ಮನೆಗಳಲ್ಲಿ ಸೊಸೆ ಮಾವನಿಗೆ ಎದುರಾಗಿ ಕೂಡುವುದಿಲ್ಲ, ಅವನೊಡನೆ ನೇರ ಮಾತಾಡುವುದೂ ಇಲ್ಲ. ಹಾಗೆಂದು ಮಾತಿಗೇನೂ ಬರವಿಲ್ಲ. ಹೇಳಬೇಕಾದದ್ದನ್ನು ಅವಳು ಕಂಬಕ್ಕೆ ಹೇಳುತ್ತಾಳೆ, ಒಲೆಗೆ ಹೇಳುತ್ತಾಳೆ, ಕಾಲಲ್ಲಿ ಸುಳಿಯುವ ಕುರಿಮರಿಗೆ ಹೇಳುತ್ತಾಳೆ. ಮಾವ ಅಲ್ಲೇ ಇದ್ದರೆ ಅವನ ಕಿವಿಗೂ ಬೀಳುತ್ತದೆ, ಅಷ್ಟೆ. ಮಲ್ಲೇಶ್ವರಿಯ ಮಾವ ದತ್ತಾತ್ರಿ ವಾಡಿಗೆಲ್ಲ ಹಿರಿಯ. ಅವನ ಮಾತನ್ನು ಬೇರೆ ಮನೆಯವರೂ ದಾಟುವುದಿಲ್ಲ. ಒಮ್ಮೆ ಅವರ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಮಲ್ಲೇಶ್ವರಿ ಮರಿಯೊಂದರ ಕಿವಿ ಹಿಡಿದು, “ಏ ಮರಿ, ಹಿರ್ಯಾರಿಗಿ ಹೇಳು, ಬಿಪಿ ಗುಳಿಗಿ ನುಂಗಲಾರ್ದ ಹೊಲಕ್ಕ ಹೋದ್ರ ಇವತ್ತ ರೊಟ್ಟಿ ಸಿಗಂಗಿಲ್ಲ ಅಂತ” ಎಂದಳು. ದತ್ತಾತ್ರಿ ಅದೇ ಮರಿಯ ಕಡೆ ನೋಡಿ, “ನುಂಗೀನಿ ಅಂತ ಹೇಳು” ಎಂದು ಗೊಣಗಿ ಗುಳಿಗೆ ಹುಡುಕಲು ಎದ್ದ. ಮರಿ ಇಬ್ಬರಿಗೂ ಏನೂ ಹೇಳಲಿಲ್ಲ.

ಶಾಲಾ ಸಮಿತಿಯ ಸಭೆಯೂ ಹೀಗೇ. ಗಂಡಸರು ಒಳಗೆ ಕಂಬಳಿ ಹಾಸಿ ಕೂಡುವರು. ಹೆಂಗಸರು ಹೊರಗೆ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ. ಅಲ್ಲಿಂದ ಮಲ್ಲೇಶ್ವರಿಯ ದನಿ ಬರುವುದು, ‘ಮಾಸ್ತರ್ರಿ’ ಎಂದು ಶುರುವಾಗಿ. ಮಾತು ಮುಖ್ಯ ಶಿಕ್ಷಕ ಅಬ್ದುಲ ಗಫೂರರಿಗೆ, ಪೆಟ್ಟು ದತ್ತಾತ್ರಿಗೆ. ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಬಂದದ್ದು, ಶಾಲೆಯ ಅಂಗಳದಲ್ಲಿ ಕುರಿ ಕಟ್ಟುವುದು ನಿಂತದ್ದು, ಎಲ್ಲ ಆ ಕಿಟಕಿಯಿಂದ ಬಂದ ಮಾತಿನಿಂದ. ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ, ಆ ಗೋಡೆಗೆ ಬಾಯಿಯೂ ಇತ್ತು. ಇಂಥ ಏರ್ಪಾಡು ಯಾರಿಗೆ ಹೊಳೆಯಿತು ಎಂದು ಗಫೂರರನ್ನು ಕೇಳಿದ್ದೆ, ಅವರಲ್ಲಿ ಏನೋ ದೊಡ್ಡ ತತ್ವವಿರಬೇಕೆಂದು. ಅವರು ಕನ್ನಡಕ ಒರೆಸಿಕೊಳ್ಳುತ್ತ, “ಹೊಳ್ಯೋದೇನ್ರಿ, ಒಳಗ ಜಾಗಾ ಇರ್ಲಿಲ್ಲ” ಎಂದರು.

ಔರಾದಿನ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕೆಲಸವಿರಲಿಲ್ಲ. ಟವೆಲ್ಲನ್ನು ತಲೆಯ ಮೇಲೆ ಸೆರಗು ಮಾಡಿಕೊಂಡು, ಕಪಾಟಿನ ಹಿಂದೆ ಕೂತು, ಮಲ್ಲೇಶ್ವರಿಯ ದನಿಯಲ್ಲಿ ಒಂದು ಇಡೀ ಸಭೆಯನ್ನು ಗೆಳೆಯರಿಗೆ ನಡೆಸಿ ತೋರಿಸುತ್ತಿದ್ದೆ. ನಗು ತಟ್ಟನೆ ನಿಂತಿತು. ಕಪಾಟಿನಿಂದ ಇಣುಕಿದರೆ ಆಮ್ರಪಾಲಿ ಮೇಡಂ.

ಯಾರ ದನಿ ಇದು ಎಂದು ಕೇಳಿದರು. ಹೇಳಿದೆ. ಕಪಾಟಿನ ಹಿಂದೆ ಯಾಕೆ ಎಂದು ಕೇಳಿದರು. ಅದನ್ನೂ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರ ಮುಖ ಕಪ್ಪಿಟ್ಟಿತು. ಅಧ್ಯಕ್ಷೆಯಾದವಳು ತನ್ನದೇ ಸಭೆಗೆ ಕಿಟಕಿಯ ಹೊರಗೆ ಕೂಡುತ್ತಾಳೆ, ಅದನ್ನು ನೀವು ಇಷ್ಟು ವರ್ಷ ನೋಡುತ್ತ ಬಂದಿದ್ದೀರಿ, ಮೇಲೆ ಆಟ ಮಾಡಿ ತೋರಿಸುತ್ತೀರಿ ಎಂದರು. ಅದು ಹಾಗಲ್ಲ ಅನ್ನಲು ಹೊರಟೆ. ತಲೆಯ ಮೇಲಿನ ಟವೆಲ್ಲು ತೆಗೆಯಲು ಮರೆತಿದ್ದರಿಂದ ನನ್ನ ಮಾತಿಗೆ ತೂಕ ಬರಲಿಲ್ಲ. ಮುಂದಿನ ವಾರ ತಾವೇ ಬಂದು ವಾಡಿಯ ಸಭೆ ನಡೆಸುತ್ತೇನೆ, ವರ್ತುಲದಲ್ಲಿ, ಎಂದು ಹೇಳಿ ಹೋದರು.

ಬಂದರು. ಚಿಂತಾಕಿಯ ಮದುವೆ ಸಾಮಾನಿನವನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ಅತಿ ದೊಡ್ಡ ಕೋಣೆಯ ಡೆಸ್ಕುಗಳನ್ನೆಲ್ಲ ಹೊರಗೆ ಹಾಕಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ತಾವೇ ವರ್ತುಲ ಬರೆದರು. ಒಳ್ಳೆಯ ವರ್ತುಲ, ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ದತ್ತಾತ್ರಿ ಕುರ್ಚಿಯ ಮೇಲೆ ಕಾಲು ಮಡಚಿ, ಕೊಂಬೆ ಏರಿದ ಹಕ್ಕಿಯ ಹಾಗೆ ಕುಳಿತ. ಅವನಿಗೆ ನೇರ ಎದುರಿಗೆ ಅಧ್ಯಕ್ಷೆಯ ಕುರ್ಚಿ. ಮಲ್ಲೇಶ್ವರಿ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಮೂಗಿನ ತನಕ ಎಳೆದುಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಳು.

ಆಮೇಲೆ ನಡೆದದ್ದನ್ನು ಸಭೆ ಅನ್ನುವುದು ಕಷ್ಟ. ಮೇಡಂ ಮಾತಾಡುತ್ತಿದ್ದಂತೆ ಹೆಂಗಸರ ಕುರ್ಚಿಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು. ವರ್ತುಲ ಮೊದಲು ಮೊಟ್ಟೆಯಾಯಿತು, ಆಮೇಲೆ ಕುದುರೆಯ ಲಾಳವಾಯಿತು. ಮೇಡಂ ಎದ್ದು ಮತ್ತೆ ವರ್ತುಲ ಮಾಡಿಸಿದರು. ಮತ್ತೆ ಮೊಟ್ಟೆ. ಯಾರೂ ಬಾಯಿ ಬಿಡಲಿಲ್ಲ. ಗಂಡಸರು ದತ್ತಾತ್ರಿಯನ್ನು ನೋಡುವರು, ದತ್ತಾತ್ರಿ ಛಾವಣಿ ನೋಡುವನು. ನನಗೆ ತಲೆ ಚಚ್ಚಿಕೊಳ್ಳುವಂತಾಗಿ ಕಿಟಕಿ ನೋಡಿದೆ. ಅದರ ಕೆಳಗೆ ಯಾರೂ ಇರಲಿಲ್ಲ.

“ಮಲ್ಲೇಶ್ವರಿಯವರೇ, ನೀವು ಅಧ್ಯಕ್ಷರು” ಎಂದರು ಮೇಡಂ, ನಿಜವಾದ ಪ್ರೀತಿಯಿಂದ. “ನಿಮ್ಮ ಮಗಳು ಎಂಟನೇತ್ತ ಕಲೀಬೇಕೋ ಬ್ಯಾಡೋ, ನೀವೇ ಹೇಳ್ರಿ. ಅಂಜಬ್ಯಾಡ್ರಿ. ಇಲ್ಲಿ ಯಾರೂ ದೊಡ್ಡವರಿಲ್ಲ, ಯಾರೂ ಸಣ್ಣವರಿಲ್ಲ.”

ವಾಡಿಯ ಹಿರಿಯನ ಮುಂದೆ, ಅವನ ಸೊಸೆಗೆ ಕೇಳುವಂತೆ, ಇಲ್ಲಿ ಯಾರೂ ದೊಡ್ಡವರಿಲ್ಲ ಎಂದದ್ದು. ದತ್ತಾತ್ರಿ ಕಾಲು ಕೆಳಗಿಳಿಸಿದ. ಸೆರಗಿನ ಒಳಗಿಂದ ಬಹಳ ಹೊತ್ತಿನ ಮೇಲೆ ಒಂದು ದನಿ ಬಂತು. ಅದು ಮಲ್ಲೇಶ್ವರಿಯದೆಂದು ನಾನು ಹೇಳಲಾರೆ. ನನ್ನಿಂದ ಎಂದೂ ಅನುಕರಿಸಲಾಗದಷ್ಟು ಸಣ್ಣಗಿತ್ತು.

“ಹಿರ್ಯಾರು ಹೇಳಿದಂಗರಿ.”

ಹಿರಿಯರು ಹೇಳಿದರು. ಏಳನೇತ್ತ ತನಕ ಸಾಲಿ ಅದ, ಸಾಕು, ತಮ್ಮದೇನೂ ತಕರಾರಿಲ್ಲ ಎಂದು ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡರು.

ಮರಳುವಾಗ ಜೀಪಿನಲ್ಲಿ ಮೇಡಂ ಬೆರಳಿಗಂಟಿದ ಸೀಮೆಸುಣ್ಣ ಒರೆಸಿಕೊಂಡರು. ಆಮೇಲೆ, ಅವಳಿಗೇ ಬೇಡವಾದರೆ ನಾವು ತಲೆಯ ಮೇಲೆ ಹೊತ್ತು ಕೊಡಲಿಕ್ಕಾಗುತ್ತದೆಯೇ ಎಂದರು. ನಾನು ಉತ್ತರಿಸಲಿಲ್ಲ. ಉತ್ತರಿಸಿದ್ದರೆ ನನ್ನ ದನಿಯಲ್ಲಿ ಉತ್ತರಿಸಬೇಕಾಗುತ್ತಿತ್ತು, ಆ ದಿನ ಅದು ಬಹಳ ಒರಟಾಗಿತ್ತು.

ಮರುದಿನ ವಾಡಿಗೆ ಹೋದರೆ ಮಲ್ಲೇಶ್ವರಿ ಕುರಿ ಹಟ್ಟಿಯ ಬೇಲಿಯ ಹತ್ತಿರ ನನ್ನನ್ನೇ ಕಾಯುತ್ತಿದ್ದಳು. ನಾನು ಅವಳಿಗೆ ಅಣ್ಣನ ಲೆಕ್ಕ, ಆದ್ದರಿಂದ ನನಗೆ ಬೈಯಲು ಕುರಿಮರಿಯ ಸಹಾಯ ಬೇಕಿರಲಿಲ್ಲ.

“ಅಣ್ಣಾ, ನಿಮಗ ಬುದ್ಧಿ ಇಲ್ಲೇನು? ಮಾವನ ಮಾರಿ ಮುಂದ ತಂದು ಕುಂದರಸ್ತೀರಿ, ಬಾಯಿ ತೆಗಿ ಅಂತೀರಿ. ಇಷ್ಟು ವರ್ಷ ನನ್ನ ಬಾಯಿ ಯಾರೂ ಮುಚ್ಚಿರ್ಲಿಲ್ಲ. ನಿಮ್ಮ ಮೇಡಂ ಬಂದು ಮುಚ್ಚಿದ್ರು.”

ಮೇಡಂ ಕೆಟ್ಟವರಲ್ಲ ಎಂದೆ. ಅದು ಗೊತ್ತು, ಕೆಟ್ಟವರಾಗಿದ್ದರೆ ಅವರಿಗೂ ಒಂದು ಮಾತು ಅಂದು ಮುಗಿಸುತ್ತಿದ್ದೆ ಎಂದಳು. ಹಾಗಾದರೆ ಮಾವ ಬೇಡ ಅಂದದ್ದು ಖರೆಯೇ ಎಂದು ಕೇಳಿದೆ. ಅವಳು ನನ್ನನ್ನು ಎರಡನೆಯ ತರಗತಿಯ ಹುಡುಗನನ್ನು ನೋಡುವಂತೆ ನೋಡಿದಳು. ಹಿರಿಯನ ಮುಂದೆ ಹೀಗೆ ಕೂಡಿಸಿ ಕೇಳಿದರೆ ಅವನು ಬೇಡ ಅನ್ನದೆ ಇನ್ನೇನು ಅನ್ನಬೇಕು? ಅವನಿಗೆ ಯೋಚಿಸಲು ಒಂದು ಮಾತು ಬೇಕು. ಆ ಮಾತು ಅವಳ ಹತ್ತಿರವಿತ್ತು. ಮನೆಯಲ್ಲಿ ಹೇಳಲು ಹೋದರೆ, ಅದು ಸಭೆಯ ಮಾತು, ಸಭೆಯಲ್ಲಾಗಲಿ ಎಂದು ಅವನು ಎದ್ದು ಹೋಗುತ್ತಿದ್ದ. ಸಭೆಯಲ್ಲಿ ಹೇಳಲು ಜಾಗವಿರಲಿಲ್ಲ. “ಗ್ವಾಡಿ ಇದ್ರ ನಾ ಹೇಳ್ತಿದ್ದೆ” ಎಂದು ಹೇಳಿ, ಒಂದು ಕುರಿಯನ್ನು ಕಾರಣವಿಲ್ಲದೆ ಗದರಿಸಿ ಒಳಗೆ ಹೋದಳು.

ಇದನ್ನು ಹೊತ್ತುಕೊಂಡು ಔರಾದಿಗೆ ಬಂದೆ. ಕೆಳಗಿನವರು ಹೇಳಿದ್ದನ್ನು ಮೇಲಿನವರಿಗೆ ಮುಟ್ಟಿಸಬೇಕಲ್ಲ. ಮೇಡಂ ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಹೇಳಿದರು, “ಸುಶೀಲ ಸರ್, ನಮ್ಮಜ್ಜಿ ಖಿಡಕಿ ಹೊರಗ ಆರಾಮ ಅದಾಳ ಅಂತ ಆಗಿನ ಮಾಸ್ತರೂ ಹೇಳಿರಬೇಕು. ಗಾಳಿ ಛಲೋ ಬರ್ತದ ಅಂದಿರಬೇಕು.”

ಅದು ನನಗೆ ತಾಗಿತು. ಆದರೂ ಅಂದೆ, “ನಿಮ್ಮಜ್ಜಿಗಿ ಒಳಗ ಬಾ ಅನ್ಲಿಲ್ಲರಿ ಮೇಡಂ. ಈಕಿಗಿ ನೀವು ಹೊರಗ ಹೋಗ್ಲಾಕ ಬಿಡವಲ್ರಿ.”

ಇಬ್ಬರ ಮಾತೂ ಸರಿಯಿತ್ತು, ಅದೇ ದೊಡ್ಡ ತಲೆಬೇನೆ. ಒಬ್ಬರಾದರೂ ತಪ್ಪಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಕೊನೆಗೆ ಮೇಡಂ, ಸಾಹೇಬರು ಬರುವ ಸಭೆಯಲ್ಲಿ ಹೆಂಗಸರನ್ನು ಹೊರಗೆ ಕೂಡಿಸಿದರೆ ಅವರು ಫೋಟೋ ತೆಗೆಯುತ್ತಾರೆ, ಆ ಫೋಟೋದ ಕೆಳಗೆ ಏನೆಂದು ಬರೆಯಲಿ, ನೀವೇ ಹೇಳಿ ಎಂದರು. ವರ್ತುಲವೇ ಉಳಿಯಿತು.

ಬೀದರಿನಿಂದ ಬಂದ ಸಾಹೇಬರ ಹೆಸರು ಅಶೋಕಕುಮಾರ. ಅವರಿಗೆ ಅದೇ ದಿನ ಭಾಲ್ಕಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಒಂದು ಕಿವಿಯಲ್ಲಿ ಫೋನ್, ಇನ್ನೊಂದು ಕಿವಿಯಲ್ಲಿ ನಾವು. ಅವರು ಮಾತಾಡುವ ರೀತಿ, ಎಲ್ಲ ವಾಕ್ಯವನ್ನೂ ‘ಮುಗೀತು’ ಎಂದು ಮುಗಿಸುವುದು. ಬಂದೀನಿ, ಮುಗೀತು. ಕೇಳ್ತೀನಿ, ಮುಗೀತು. ವರ್ತುಲದಲ್ಲಿ ತಮ್ಮ ಕುರ್ಚಿ ಯಾವುದು ಎಂದು ಕೇಳಿದರು. ಎಲ್ಲ ಒಂದೇ ಎಂದು ಮೇಡಂ ಹೇಳಿದ್ದಕ್ಕೆ, ಟವೆಲ್ ಹಾಸಿದ ಕುರ್ಚಿಯನ್ನು ಆರಿಸಿ ಕುಳಿತರು. ಆ ಟವೆಲ್ಲು ನನ್ನದು, ಒಣಗಲು ಹಾಕಿದ್ದು.

ಒಂದೇ ಮಾತು ಕೇಳುತ್ತೇನೆ ಎಂದರು ಸಾಹೇಬರು. ಎಂಟನೆಯ ತರಗತಿ ಬೇಕೋ ಬೇಡವೋ. ಬೇಡವೆಂದರೆ ಹಳ್ಳದಾಚೆಯವರು ತುದಿಗಾಲಲ್ಲಿ ನಿಂತಿದ್ದಾರೆ, ಅವರಿಗೆ ಕೊಡುತ್ತೇನೆ, ಮುಗೀತು.

ದತ್ತಾತ್ರಿ ಛಾವಣಿಗೆ ಕಣ್ಣು ನೆಟ್ಟ. ಗಫೂರರು ಕನ್ನಡಕ ಒರೆಸಿದರು. ಕಿಟಕಿಯ ಹೊರಗೆ ಏಳನೆಯ ತರಗತಿಯ ಹುಡುಗಿಯರು ಕಟ್ಟೆಯ ಮೇಲೆ ಕುಳಿತಿದ್ದರು. ಅಂಬಿಕಾ ಬೆನ್ನು ಮಾಡಿ ಕುಳಿತಿದ್ದಳು, ಕೇಳಿಸಿಕೊಳ್ಳದವಳ ಹಾಗೆ. ಆಮ್ರಪಾಲಿ ಮೇಡಂ ಕಣ್ಣಿನಿಂದಲೇ ಮಲ್ಲೇಶ್ವರಿಯನ್ನು ಬೇಡುತ್ತಿದ್ದರು. ಸಾಹೇಬರು ಕೈಗಡಿಯಾರ ನೋಡಿ, ಹಾಗಾದರೆ, ಎಂದು ಎದ್ದೇಳಲು ಮುಂದೆ ಬಾಗಿದರು.

ಆಗ ಮಲ್ಲೇಶ್ವರಿ ಎದ್ದಳು. ಹೋಗಿಬಿಡುತ್ತಾಳೆ ಅಂದುಕೊಂಡೆ. ಅವಳು ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಬೆನ್ನು ವರ್ತುಲಕ್ಕೆ, ಮುಖ ಗೋಡೆಗೆ ಆಗುವಂತೆ ಇಟ್ಟು ಕುಳಿತಳು. ಆ ಗೋಡೆಯ ಮೇಲೆ ಕರ್ನಾಟಕದ ನಕಾಶೆ ಇತ್ತು, ನಮ್ಮ ಬೀದರ ತುದಿಯಲ್ಲಿ ಜುಟ್ಟಿನಂತೆ. ಸಾಹೇಬರು ಇದು ಬಹಿಷ್ಕಾರವೇ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಉಳಿದ ಹೆಂಗಸರ ಕುರ್ಚಿಗಳೂ ಒಂದೊಂದಾಗಿ ಕರಕರ ಸದ್ದು ಮಾಡುತ್ತ ತಿರುಗಿದವು. ಆಮೇಲೆ ಆ ದನಿ ಬಂತು. ಕಿಟಕಿಯ ದನಿ.

“ಏ ಗ್ವಾಡಿ, ನೀ ಕೇಳು. ಹೋದ ವರ್ಷ ಕುರಿಗಿ ಬ್ಯಾನಿ ಬಂತು. ಡಾಕ್ಟರ್ ಔಷಧ ಕೊಟ್ಟು ಹೋದ. ಯಾವ ಮರಿಗಿ ಎಷ್ಟು ಕುಡಸ್ಬೇಕು ಅಂತ ಬಾಟ್ಲಿ ಮ್ಯಾಲಿಂದು ಓದಿ ಹೇಳಿದಾಕಿ ಹಿರ್ಯಾರ ಮಮ್ಮಗಳು. ಅದು ಏಳನೇತ್ತದ ಓದು. ಎಂಟನೇತ್ತ ಓದಿದ್ರ ಕುರಿಗಿ ಏನ್ ಲುಕ್ಸಾನ ಅದ, ನೀ ಹೇಳು.”

ಗೋಡೆ ಹೇಳಲಿಲ್ಲ. ಮಲ್ಲೇಶ್ವರಿಯ ದನಿ ಸ್ವಲ್ಪ ಇಳಿಯಿತು. “ಪೋರಿ ದಿನಾ ಅಳ್ತಾಳ. ಅಜ್ಜಗ ಹೇಳಬ್ಯಾಡ ಅಂತಾಳ. ನಾ ಯಾರಿಗೂ ಹೇಳಿಲ್ಲ. ನಿನಗ ಹೇಳ್ಲಾಕತ್ತೀನಿ.”

ದತ್ತಾತ್ರಿ ಮಡಚಿದ್ದ ಕಾಲನ್ನು ಒಂದೊಂದಾಗಿ ಕೆಳಗಿಳಿಸಿದ. ಎದ್ದ. ತನ್ನ ಕುರ್ಚಿಯನ್ನು ಎದುರಿನ ಗೋಡೆಗೆ ತಿರುಗಿಸಿಕೊಂಡು ಕುಳಿತ. ಅವನು ತಿರುಗಿದ್ದು ಕಂಡು ವಾಡಿಯ ಗಂಡಸರೆಲ್ಲ ತಿರುಗಿದರು.

“ಏ ಗ್ವಾಡಿ, ಪೋರಿ ಅಳ್ತಾಳಂತ ನನಗ ಯಾರು ಹೇಳ್ಯಾರ?” ಎಂದ. ದನಿ ಸರಿಯಿರಲಿಲ್ಲ, ಕೆಮ್ಮಿ ಸರಿಮಾಡಿಕೊಂಡ. “ಸಾಲಿ ಬ್ಯಾಡ ಅನ್ಲಾಕ ನಾ ಏನು ಹುಚ್ಚನೇನು? ಮಂಜರಾ ದಂಡಿಗಿ ಮರಿ ನೋಡ್ಲಾಕ ಯಾರು ಬರ್ತಾರ, ಅದು ಕೇಳು ಆಕಿಗಿ.”

“ನಾ ಬರ್ತೀನಿ ಅಂತ ಹೇಳು, ಗ್ವಾಡಿ.”

“ಮನಿ ಯಾರು ನೋಡ್ತಾರ?”

“ಅತ್ತಿ ಅದಾರ. ಪೋರಿ ಅದಾಳ. ಮಳಿಗಾಲಕ್ಕ ನಾವು ಬರೂತನಾ ಇಬ್ರೂ ಮನಿ ನಡಸ್ತಾರ ಅಂತ ಹೇಳು.”

ಹೀಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಮಾತು ನಡೆಯಿತು. ನಡುವೆ ಉಳಿದ ಗಂಡಸರೂ ತಮ್ಮ ತಮ್ಮ ಗೋಡೆಗೆ ಏನೇನೋ ಹೇಳಿದರು, ಅವರ ಸೊಸೆಯಂದಿರೂ ಹೇಳಿದರು. ಹುಡುಗಿಯರು ಹೋಗದಿದ್ದರೆ ಯಾವ ಮನೆಯಿಂದ ಯಾರು ಕುರಿಯ ಹಿಂದೆ ಹೋಗಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು. ವಾಡಿಯ ಸಭೆ ಅಷ್ಟು ಗದ್ದಲವಾಗಿ ನಡೆದದ್ದನ್ನು ಕಿಟಕಿಯ ಕಾಲದಲ್ಲೂ ನಾನು ಕೇಳಿರಲಿಲ್ಲ. ವರ್ತುಲದ ಒಳಕ್ಕೆ ಮುಖ ಮಾಡಿ ಉಳಿದವರು ಸಾಹೇಬರು, ಆಮ್ರಪಾಲಿ ಮೇಡಂ, ಗಫೂರರು ಮತ್ತು ನಾನು. ನೋಡಲು ನಮಗೆ ನಾವೇ ಇದ್ದೆವು.

“ಇವರು ಯಾರ ಜೋಡಿ ಮಾತಾಡ್ಲಾಕತ್ಯಾರ್ರಿ?” ಎಂದು ಸಾಹೇಬರು ನನ್ನನ್ನು ಕೇಳಿದರು. ಗೋಡೆಯ ಜೊತೆ ಎಂದೆ. ಅವರು ಫೋನನ್ನು ಕಿವಿಯಿಂದ ತೆಗೆದರು, ಆ ದಿನ ಮೊದಲ ಬಾರಿಗೆ.

ಆಮ್ರಪಾಲಿ ಮೇಡಂ ಎದ್ದು, ಕುರ್ಚಿ ಎತ್ತಿಕೊಂಡು ಹೋಗಿ ಮಲ್ಲೇಶ್ವರಿಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಇಟ್ಟು ಕುಳಿತರು. ಮಲ್ಲೇಶ್ವರಿ ಸೆರಗು ಸ್ವಲ್ಪ ಹಿಂದೆ ಸರಿಸಿ ಅವರನ್ನು ನೋಡಿದಳು.

ಕೊನೆಗೆ ದತ್ತಾತ್ರಿ ತನ್ನ ಗೋಡೆಗೆ ಹೇಳಿದ, “ಸಾಹೇಬರಿಗಿ ಹೇಳು. ಎಂಟನೇತ್ತ ಬರಕೋರಿ ಅಂತ.”

ಸಾಹೇಬರು ಬರೆದುಕೊಂಡರು. ಮುಗೀತು ಅನ್ನುವುದನ್ನು ಮರೆತರು. ಹೊರಡುವ ಮುನ್ನ ಆ ಕುರ್ಚಿಗಳ ಫೋಟೋ ಮಾತ್ರ ತೆಗೆದುಕೊಂಡರು, ಬಾಗಿಲಿನಿಂದ ಒಂದು, ಕಿಟಕಿಯಿಂದ ಒಂದು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜೀಪಿನಲ್ಲಿ ಮೇಡಂ ಹಗುರಾಗಿದ್ದರು. ಕಲಿತೆವಲ್ಲ ಮೇಡಂ ಎಂದೆ, ಸ್ವಲ್ಪ ಕುಟುಕುವಂತೆ. ಅವರು ಹೊರಗಿನ ಜೋಳದ ಹೊಲ ನೋಡುತ್ತ, “ವರ್ತುಲ ಹಂಗೇ ಇತ್ತಲ್ಲರಿ ಸುಶೀಲ ಸರ್. ಯಾರೂ ಹಿಂದ ಇರ್ಲಿಲ್ಲ” ಎಂದರು. ಒಪ್ಪಿಕೊಂಡರೋ ಗೆದ್ದರೋ ತಿಳಿಯಲಿಲ್ಲ. ಔರಾದ ಬರುವ ಹೊತ್ತಿಗೆ ಮೇಡಂ, ತಮ್ಮ ಅಜ್ಜಿ ಕಿಟಕಿಯ ಹೊರಗೆ ನಿಂತಾಗ ಒಳಗಿನವರು ಒಬ್ಬರಾದರೂ ಆ ಕಡೆ ತಿರುಗಿ ಕೂತಿದ್ದರೆ, ಎಂದು ಅರ್ಧ ಹೇಳಿ ಬಿಟ್ಟರು.

ಜೂನ್ ತಿಂಗಳಲ್ಲಿ ಎಂಟನೆಯ ತರಗತಿ ಬಂತು. ಶಿಕ್ಷಕರು ಶೀಘ್ರದಲ್ಲೇ ಬರುತ್ತಾರೆ, ಅಲ್ಲಿಯವರೆಗೆ ಗಫೂರರೇ ಕಲಿಸಲಿ ಎಂದು ಬರೆದಿತ್ತು. ಗಫೂರರು ಒಳಗೆ ಜಾಗವಿಲ್ಲವೆಂದು ಎಂಟನೆಯವರನ್ನು ಪಡಸಾಲೆಯಲ್ಲಿ, ಅದೇ ಕಿಟಕಿಯ ಕೆಳಗೆ ಕೂಡಿಸಿಕೊಂಡಿದ್ದಾರೆ. ನಾನು ಹೋದಾಗ ಅಂಬಿಕಾ ಬೀಜಗಣಿತದ ಒಂದು ಲೆಕ್ಕವನ್ನು ಅಜ್ಜನ ಮುಂದೆ ಹಿಡಿದಿದ್ದಳು. ಎಕ್ಸ್ ಅಂದರೆ ಯಾವ ಕುರಿ ಎಂದು ಅವನು ಕೇಳುತ್ತಿದ್ದ. ಮಲ್ಲೇಶ್ವರಿ ಮಂಜರಾ ದಂಡೆಯಿಂದ ಮರಳಿದ್ದಳು, ಸುಟ್ಟು ಕಪ್ಪಾಗಿದ್ದಳು, ಬಾಯಿ ಮೊದಲಿನ ಹಾಗೇ ಇತ್ತು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಅದೇ ತಿಂಗಳು ಮೇಲಿನಿಂದ ಇನ್ನೊಂದು ಸುತ್ತೋಲೆ ಬಂತು, ಫೋಟೋ ಸಮೇತ. ಪಾಲಕರ ಸಹಭಾಗಿತ್ವ ಹೆಚ್ಚಿಸುವಲ್ಲಿ ಔರಾದ ಮಾದರಿ ಯಶಸ್ವಿಯಾಗಿರುವುದರಿಂದ, ಇನ್ನು ಮುಂದೆ ಎಲ್ಲ ಶಾಲಾ ಸಭೆಗಳಲ್ಲಿ ಕುರ್ಚಿಗಳನ್ನು ಗೋಡೆಗೆ ಮುಖ ಮಾಡಿಯೇ ಹಾಕತಕ್ಕದ್ದು. ಇದಕ್ಕೆ ‘ಭಿತ್ತಿಮುಖಿ ಸಂವಾದ ಪದ್ಧತಿ’ ಎಂಬ ಹೆಸರೂ ಇತ್ತು. ಭಾಲ್ಕಿ ತಾಲೂಕಿನಲ್ಲಿ ತರಬೇತಿ ಕೊಡಲು ಸಂಪನ್ಮೂಲ ವ್ಯಕ್ತಿ, ಸುಶೀಲಕುಮಾರ. ಮೇಡಂಗೆ ಫೋನ್ ಮಾಡಿದೆ. ಸಾಹೇಬರಿಗೆ ಹಾಗಲ್ಲ ಎಂದು ತಾವೂ ಹೇಳಿ ನೋಡಿದ್ದಾಗಿ, ನಿಮ್ಮದೇ ಯಶಸ್ಸು ನಿಮಗೇ ಬೇಡವೇ ಎಂದು ಸಾಹೇಬರು ಕೇಳಿದ್ದಾಗಿ ಹೇಳಿ ಮೇಡಂ ಬಹಳ ಹೊತ್ತು ನಕ್ಕರು. ಅವರು ನಗುವುದನ್ನು ನಾನು ಮೊದಲ ಸಲ ಕೇಳಿದ್ದು. ಅನುಕರಿಸುವ ಮನಸ್ಸಾಗಲಿಲ್ಲ.

ಮೊದಲ ತರಬೇತಿ ಖಟಕ ಚಿಂಚೋಳಿಯಲ್ಲಿ. ಸುತ್ತೋಲೆಯ ಪ್ರಕಾರ ಕುರ್ಚಿಗಳನ್ನೆಲ್ಲ ಗೋಡೆಗೆ ತಿರುಗಿಸಿಟ್ಟು ಕಾದೆ. ಪಾಲಕರು ಬಂದರು. ಮುಂದೆ ಕೌಸಲ್ಯಾಬಾಯಿ, ಅಲ್ಲಿನ ಸಮಿತಿಯ ಸದಸ್ಯೆ, ಹಿಂದೆ ಅವಳ ಮಾವ, ಅವನ ಚೀಲವೂ ಅವಳ ಕೈಯಲ್ಲೇ. ಅವಳು ಕುರ್ಚಿ ನೋಡಿದಳು, ಗೋಡೆ ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು.

“ಇದೇನ್ರಿ ಸರ್, ಶಿಕ್ಷಾನಾ?”

ಹೊಸ ಪದ್ಧತಿ ಎಂದೆ. ಹೀಗೆ ಕೂತರೆ ಹಿರಿಯರ ಮುಂದೆ ಹೆಂಗಸರಿಗೆ ಸಂಕೋಚವಿಲ್ಲದೆ ಮಾತಾಡಲು ಬರುತ್ತದೆ ಎಂದು ಸುತ್ತೋಲೆಯಲ್ಲಿದ್ದುದನ್ನು ಒಪ್ಪಿಸಿದೆ. ಅವಳ ಮಾವ ನಡುವೆಯೇ ನಕ್ಕುಬಿಟ್ಟ.

“ಸಂಕೋಚ ಯಾರಿಗದರಿ?” ಎಂದಳು ಕೌಸಲ್ಯಾಬಾಯಿ. “ನಮ್ಮ ಮಾಮಾನ ಮಾರಿ ನೋಡ್ಕೋತ ಜಗಳಾಡಿದ್ರೇ ನನಗ ಸಮಾಧಾನ. ಗ್ವಾಡಿಗಿ ಹೇಳಿದ್ರ ಗ್ವಾಡಿ ಏನ್ ಮಾಡ್ತದ? ಇವರು ನಿದ್ದಿ ಹೊಡೀತಾರ.”

ಅವಳು ಕುರ್ಚಿಯನ್ನು ಎಳೆದು ಮಾವನಿಗೆ ಎದುರಾಗಿ ಹಾಕಿಕೊಂಡಳು. ಉಳಿದವರೂ ಎಳೆದುಕೊಂಡರು. ಯಾರೂ ಹೇಳದೆ ಒಂದು ವರ್ತುಲವಾಯಿತು, ಆಮ್ರಪಾಲಿ ಮೇಡಂ ನೋಡಿದ್ದರೆ ಸೀಮೆಸುಣ್ಣವೇ ಬೇಡ ಅನ್ನುವಂಥದು. ಬಿಸಿಯೂಟದ ಬೇಳೆಯ ವಿಷಯಕ್ಕೆ ಸೊಸೆ-ಮಾವನ ಜಗಳ ಆಗಲೇ ಶುರುವಾಯಿತು.

ಸುತ್ತೋಲೆಯಲ್ಲಿ ಫೋಟೋ ಕಡ್ಡಾಯ ಎಂದಿತ್ತು. ನನ್ನ ಕುರ್ಚಿಯೊಂದೇ ಇನ್ನೂ ವರ್ತುಲಕ್ಕೆ ತಿರುಗದೆ ಉಳಿದಿತ್ತು. ಅದರ ಮೇಲೆ ಗೋಡೆಗೆ ಮುಖ ಮಾಡಿ ಕುಳಿತೆ. ಆ ಗೋಡೆಗೆ ಹೇಳುವುದು ನನ್ನ ಹತ್ತಿರ ಬಹಳಿತ್ತು.